ಒಂದು ಎಲ್ಲಿ ಹೋಯ್ತು? ‘ದ ಪೊಲೀಸ್’ ಬ್ಯಾಂಡಿನ ಮೊದಲ ಆಲ್ಬಮ್‌ಗಳ ಹಾಡಿಗೆ ಡ್ರಮ್ಸ್ ಕಲಿತ ನನ್ನ ಅನುಭವ

ಜಾಮ್ ರೂಮಿನಲ್ಲಿ ಹಾಡು ಮೂರನೇ ಸಲ ನಿಂತುಹೋದಾಗ ಬೇಸ್ ಗಿಟಾರಿನ ಗೆಳೆಯ ತಂತಿಗಳ ಮೇಲೆ ಅಂಗೈ ಇಟ್ಟು ಕೇಳಿದ: “ಮಗಾ, ಒಂದು ಎಲ್ಲಿ ಹೋಯ್ತು?”

ತಪ್ಪು ನನ್ನದೇ. ಹೊಡೆಯುತ್ತಿದ್ದದ್ದು ‘ದ ಪೊಲೀಸ್’ ಎಂಬ ಲಂಡನ್ನಿನ ರಾಕ್ ಬ್ಯಾಂಡಿನ ‘ವಾಕಿಂಗ್ ಆನ್ ದ ಮೂನ್’. ಆ ಹಾಡಿನಲ್ಲಿ ನಾಲ್ಕೆಣಿಕೆಯ ಮೊದಲನೆಯದಕ್ಕೆ ಡ್ರಮ್ ಬಾಯಿ ಮುಚ್ಚಿಕೊಂಡಿರಬೇಕು, ಏಟು ಬೀಳುವುದು ಮೂರಕ್ಕೆ. ನಾನು ಎರಡು ಆವರ್ತ ಹೇಗೋ ತಡೆದುಕೊಳ್ಳುತ್ತಿದ್ದೆ. ಮೂರನೆಯದಕ್ಕೆ ಕಾಲು ತಾನಾಗೇ ದೊಡ್ಡ ಡ್ರಮ್ಮಿನ ಕಿಕ್ ಪೆಡಲ್ ಒತ್ತಿಬಿಡುತ್ತಿತ್ತು. ಅಯ್ಯೋ ಅಂತ ಸರಿಮಾಡಲು ಹೋಗಿ ಮೂರನ್ನು ಒಂದು ಮಾಡುತ್ತಿದ್ದೆ, ಒಂದನ್ನು ಮೂರು ಮಾಡುತ್ತಿದ್ದೆ. ಅಷ್ಟು ಹೊತ್ತಿಗೆ ಗಿಟಾರ್ ಒಂದು ದಾರಿ, ಬೇಸ್ ಇನ್ನೊಂದು ದಾರಿ.

ನಾನು ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ಒಂಬತ್ತು ವರ್ಷ ಮೃದಂಗ ಕಲಿತವನು. ಡ್ರಮ್ಸ್ ಮುಂದೆ ಕೂತದ್ದು ಕೆಲಸಕ್ಕೆ ಸೇರಿದ ಮೇಲೆ. ಕಾಲೇಜಿನ ಗೆಳೆಯರಿಬ್ಬರು ಬೆಂಗಳೂರಿನ ಒಂದು ಪುಟ್ಟ ಕೆಫೆಯಲ್ಲಿ ಐದು ಹಾಡು ನುಡಿಸಲು ಒಪ್ಪಿಕೊಂಡು ಬಂದರು, ಐದೂ ಪೊಲೀಸ್ ಬ್ಯಾಂಡಿನವು, ಅದೂ ಮೊದಲೆರಡು ಆಲ್ಬಮ್‌ಗಳವು. ಕೈಯಲ್ಲಿದ್ದದ್ದು ಆರು ವಾರ. ‘ಮೂರೇ ಜನ, ಸರಳವಾದ ಹಾಡುಗಳು, ಆಗುತ್ತೆ ಬಿಡ್ರೋ’ ಅಂದಿದ್ದೆ. ಆ ಮಾತನ್ನು ಅವರು ಇವತ್ತಿಗೂ ಮರೆತಿಲ್ಲ.

ಹಾಡು ಕೂರದಿದ್ದಾಗ ಮೊದಲು ಮಾಡಿದ ಕೆಲಸವೆಂದರೆ ಕೋಲು ಕೆಳಗಿಟ್ಟು ಬರೀ ಕೇಳಿದ್ದು. 1978ರ ‘ಔಟ್‌ಲ್ಯಾಂಡೋಸ್ ದಾಮೋರ್’, 1979ರ ‘ರೆಗಾಟ್ಟ ದ ಬ್ಲಾಂಕ್’ – ಎರಡೂ ಮೊಬೈಲಿನಲ್ಲಿ, ದಿನಾ ಮೆಟ್ರೊದಲ್ಲಿ ಹೋಗುವಾಗ ಬರುವಾಗ. ಕಲಿಯುವವನಿಗೆ ಈ ಎರಡು ಆಲ್ಬಮ್‌ಗಳಷ್ಟು ಅನುಕೂಲವಾದದ್ದು ಕಡಿಮೆ. ಕಾರಣ ಬಡತನ. ಮೊದಲನೆಯದಕ್ಕೆ ಡ್ರಮ್ಮರ್ ಸ್ಟೂವರ್ಟ್ ಕೋಪ್‌ಲ್ಯಾಂಡ್‌ನ ಅಣ್ಣ ಮೈಲ್ಸ್ ಕೊಟ್ಟ 1,500 ಪೌಂಡ್ ಸಾಲವೇ ಬಂಡವಾಳ. ಲಂಡನ್ನಿನ ದೊಡ್ಡ ಸ್ಟುಡಿಯೋ ಯಾವುದೂ ಕೈಗೆಟುಕುವಂತಿರಲಿಲ್ಲ. ಸರ್ರೆ ಪ್ರಾಂತ್ಯದ ಲೆದರ್‌ಹೆಡ್ ಎಂಬ ಊರಿನಲ್ಲಿ ನೈಜೆಲ್ ಗ್ರೇ ಎಂಬ ವೈದ್ಯರು ನಡೆಸುತ್ತಿದ್ದ ಸಣ್ಣ ಸ್ಟುಡಿಯೋದಲ್ಲಿ, ಜಾಗ ಖಾಲಿ ಇದ್ದಾಗ ಹೋಗಿ, ತಿಂಗಳುಗಟ್ಟಲೆ ಬಿಡಿಬಿಡಿಯಾಗಿ ರೆಕಾರ್ಡ್ ಮಾಡಿದರು. ಹಾಗಾಗಿ ಹಾಡಿನ ಮೇಲೆ ಹೊದಿಕೆ ಇಲ್ಲ. ಬೇಸ್ ಹಿಡಿದು ಹಾಡುವ ಸ್ಟಿಂಗ್, ಗಿಟಾರಿನ ಆಂಡಿ ಸಮ್ಮರ್ಸ್, ಡ್ರಮ್ಸಿನ ಕೋಪ್‌ಲ್ಯಾಂಡ್ – ಮೂವರೂ ಬೇರೆ ಬೇರೆ ಕಾಣುತ್ತಾರೆ, ತಿಳಿನೀರಿನ ತಳದಲ್ಲಿ ಕಲ್ಲು ಕಂಡ ಹಾಗೆ. ‘ರಾಕ್ಸ್ಯಾನ್’ ಶುರುವಿನಲ್ಲಿ ಒಂದು ಅಪಸ್ವರದ ಪಿಯಾನೋ, ಹಿಂದೆಯೇ ಒಂದು ನಗು ಕೇಳಿಸುತ್ತದಲ್ಲ, ಅದು ಸ್ಟಿಂಗ್ ಗೊತ್ತಿಲ್ಲದೆ ಪಿಯಾನೋದ ಮೇಲೆ ಕೂತದ್ದು. ಅದನ್ನೂ ತೆಗೆಯದೆ ಹಾಗೇ ಬಿಟ್ಟಿದ್ದಾರೆ. ನನಗಂತೂ ಅದೇ ಧೈರ್ಯ ಕೊಟ್ಟಿತು.

ಪಂಕ್ ಎಂಬ ಒರಟು, ವೇಗದ ರಾಕ್ ನುಡಿಸುವ ಹುಡುಗರ ಗದ್ದಲದ ಕಾಲ ಅದು. ಬ್ಯಾಂಡ್ ಹುಟ್ಟಿದ್ದು 1977ರಲ್ಲಿ. ಆದರೆ ಇವರು ಒಳಗೊಳಗೆ ಪಂಕ್‌ನವರಲ್ಲ. ಸ್ಟಿಂಗ್ ಶಾಲಾ ಮೇಷ್ಟ್ರಾಗಿದ್ದುಕೊಂಡು ಜಾಝ್ ನುಡಿಸುತ್ತಿದ್ದವನು. ಸಮ್ಮರ್ಸ್ ಉಳಿದಿಬ್ಬರಿಗಿಂತ ಸುಮಾರು ಹತ್ತು ವರ್ಷ ದೊಡ್ಡವನು, ಆಗಲೇ ನೂರೆಂಟು ಬ್ಯಾಂಡ್‌ಗಳ ನೀರು ಕುಡಿದವನು. ಕೋಪ್‌ಲ್ಯಾಂಡ್ ಅಮೆರಿಕದಲ್ಲಿ ಹುಟ್ಟಿ, ಕೈರೋ ಮತ್ತು ಬೈರೂತ್‌ನಲ್ಲಿ ಬೆಳೆದವನು. ಚಿಕ್ಕಂದಿನಲ್ಲಿ ಕಿವಿಗೆ ಬಿದ್ದದ್ದು ಅರಬ್ಬರ ತಾಳ. ಜಮೈಕದ ರೆಗೆ ಎಂಬ ಸಂಗೀತ ಇವರ ಕೈಗೆ ಬಂದಾಗ ಬರೀ ನಕಲಾಗದೆ ಬೇರೇನೋ ಆದದ್ದಕ್ಕೆ ಇದೆಲ್ಲ ಕಾರಣ. ಎರಡನೇ ಆಲ್ಬಮ್ಮಿನ ಹೆಸರೇ ಕಲಬೆರಕೆ ಫ್ರೆಂಚಿನಲ್ಲಿ ‘ಬಿಳಿಯರ ರೆಗೆ’ ಅಂತ. ತಮ್ಮನ್ನು ತಾವೇ ಗೇಲಿ ಮಾಡಿಕೊಂಡದ್ದು.

ಇನ್ನು ಆ ಖಾಲಿ ಒಂದರ ವಿಷಯ. ರೆಗೆ ಡ್ರಮ್ಮರ್‌ಗಳು ಇದನ್ನು ‘ಒನ್ ಡ್ರಾಪ್’ ಅನ್ನುತ್ತಾರೆ. ಕಿಕ್ಕೂ ಸ್ನೇರ್ ಎಂಬ ಚಿಕ್ಕ ಡ್ರಮ್ಮಿನ ಅಂಚಿನ ‘ಟಕ್’ ಶಬ್ದವೂ ಒಟ್ಟಿಗೆ ಮೂರರ ಮೇಲೆ ಬೀಳುತ್ತವೆ, ಒಂದು ಬಿಟ್ಟುಹೋಗಿರುತ್ತದೆ. ಕೇಳಲು ಸುಲಭ. ಆದರೆ ಒಂಬತ್ತು ವರ್ಷ ಮೃದಂಗದ ಎಡಗಡೆಗೆ ರವೆ ಹಚ್ಚಿಕೊಂಡು ಸಮಕ್ಕೆ, ಅಂದರೆ ತಾಳದ ಮೊದಲ ಎಣಿಕೆಗೆ, ‘ಧೋಂ’ ಅನ್ನಿಸಿದ ಕೈ ಇದು! ತನಿ, ಅಂದರೆ ಕಚೇರಿಯಲ್ಲಿ ತಾಳವಾದ್ಯಕ್ಕೇ ಬಿಟ್ಟ ಭಾಗ, ಮುಗಿಸುವಾಗ ಎಲ್ಲೆಲ್ಲಿ ಸುತ್ತಿದರೂ ಕೊನೆಗೆ ಬಂದು ಇಳಿಯಬೇಕಾದದ್ದು ಅಲ್ಲೇ. ಅಲ್ಲಿ ಹೊಡೆಯಬೇಡ ಅಂದರೆ ಮೆಟ್ಟಿಲು ಇಳಿಯುವಾಗ ಕೊನೆಯ ಮೆಟ್ಟಿಲು ಇದೆ ಅಂದುಕೊಂಡು ಕಾಲಿಟ್ಟ ಹಾಗೆ.

ಭಾನುವಾರ ಮೈಸೂರಿಗೆ ಹೋದವನು ನಮ್ಮ ಮೃದಂಗದ ಮೇಷ್ಟ್ರ ಮನೆಗೂ ಹೋದೆ. ಈಗ ಅವರಿಗೆ ಎಪ್ಪತ್ತು ದಾಟಿದೆ. ಕಾಫಿ ಕುಡಿದ ಮೇಲೆ ಹಿಂಜರಿಯುತ್ತಲೇ ಅದೇ ಹಾಡು ಹಾಕಿ ಇಯರ್‌ಫೋನ್ ಕೊಟ್ಟೆ. ಒಂದು ಕಿವಿಗೆ ಮಾತ್ರ ಇಟ್ಟುಕೊಂಡು ತೊಡೆಯ ಮೇಲೆ ತಾಳ ಹಾಕಲು ಶುರುಮಾಡಿದರು. ಹಾಡು ಅರ್ಧಕ್ಕೆ ಬರುವವರೆಗೂ ಮಾತಿಲ್ಲ.

“ಇವನು ಸಮಕ್ಕೆ ಬರೋದೇ ಇಲ್ವಲ್ಲಪ್ಪ.”

“ಹೌದು ಸಾರ್, ಅದೇ ಕಷ್ಟ.”

“ಕಷ್ಟ ಅವನಿಗಲ್ಲ, ನಿನಗೆ. ಸಮ ಎಲ್ಲಿದೆ ಅಂತ ಅವನಿಗೆ ಗೊತ್ತು. ನೀನು ಹೊಡೆದು ನೋಡಿ ತಿಳ್ಕೋತೀಯ.” ಆಮೇಲೆ ಇಯರ್‌ಫೋನ್ ಮಡಿಚಿ ಕೊಡುತ್ತಾ, “ಮೇಲೆ ಆ ತಟ್ಟೆ ಹೊಡೀತಾನಲ್ಲ, ಅದು ತಿಶ್ರ ಕಣಯ್ಯಾ. ನೀನು ಚತುರಶ್ರದಲ್ಲಿ ಹೊಡೀತಿರಬೇಕು. ಹೌದೋ ಅಲ್ವೋ?”

ಹೌದಾಗಿತ್ತು. ನಾನು ಹೈ-ಹ್ಯಾಟ್ ಎಂಬ ಜೋಡಿ ತಟ್ಟೆಗಳ ಮೇಲೆ ಎಣಿಕೆಗೆ ನಾಲ್ಕರಂತೆ ‘ತಕಧಿಮಿ’ ಓಡಿಸುತ್ತಿದ್ದೆ. ಹಾಡು ಒಳಗೆ ಎಣಿಕೆಗೆ ಮೂರರಂತೆ ‘ತಕಿಟ ತಕಿಟ’ ಅನ್ನುತ್ತಿತ್ತು. ಮೂರು ವಾರ ಯೂಟ್ಯೂಬ್ ಪಾಠ ನೋಡಿ ತಿಳಿಯದ್ದು ಮೂರು ನಿಮಿಷದಲ್ಲಿ ತಿಳಿಯಿತು.

ಅವರು ಹೇಳಿದ ಮದ್ದು ಇಷ್ಟೇ: ಒಂದು ವಾರ ಕೋಲು ಮುಟ್ಟಬೇಡ, ಕೈಯಲ್ಲಿ ತಾಳ ಹಾಕುತ್ತಾ ಬಾಯಲ್ಲಿ ಹೇಳು. ಮೊದಲ ಎಣಿಕೆಗೆ ಕಾರ್ವೆ (ಖಾಲಿ ಬಿಡುವುದು), ಮೂರಕ್ಕೆ ‘ಧಿಂ’, ಎರಡಕ್ಕೂ ನಾಲ್ಕಕ್ಕೂ ‘ತಕಿಟ’. ಸ್ನಾನದ ಮನೆಯಲ್ಲಿ, ಸಿಗ್ನಲ್‌ನಲ್ಲಿ, ಆಫೀಸಿನ ಮೀಟಿಂಗಿನಲ್ಲಿ ಮೇಜಿನ ಕೆಳಗೆ, ಎಲ್ಲ ಕಡೆ ಹೇಳಿಕೊಂಡೆ. ಮುಂದಿನ ವಾರ ಕಿಟ್ ಮುಂದೆ ಕೂತಾಗ ತಾಳ ಹಾಕುವ ಕೈ ಬಿಡುವಿರಲಿಲ್ಲವಲ್ಲ, ಆ ಕೆಲಸವನ್ನು ಎಡ ಹಿಮ್ಮಡಿಗೆ ವಹಿಸಿದೆ. ಎಡಗಾಲಿನ ಮುಂಭಾಗ ಹೈ-ಹ್ಯಾಟ್ ಪೆಡಲನ್ನು ಒತ್ತಿಯೇ ಇರುತ್ತದೆ, ತಟ್ಟೆಗಳು ಮುಚ್ಚಿಕೊಂಡೇ ಇರುತ್ತವೆ. ಹಿಮ್ಮಡಿ ಮಾತ್ರ ಪ್ರತಿ ಎಣಿಕೆಗೆ ಎದ್ದು ಇಳಿಯುತ್ತದೆ. ಸದ್ದಿಲ್ಲ. ಒಂದು ಬಂದದ್ದು ನನಗೆ ಗೊತ್ತಾಗುತ್ತದೆ, ಕೇಳುವವರಿಗೆ ಗೊತ್ತಾಗುವುದಿಲ್ಲ. ಬಲಗಾಲಿನ ಚಪಲ ಅಲ್ಲಿಗೆ ನಿಂತಿತು.

ಹೈ-ಹ್ಯಾಟ್ ಮಾತ್ರ ಕೊನೆಯವರೆಗೂ ಕಾಡಿತು. ಬೇರೆ ಡ್ರಮ್ಮರ್‌ಗಳಿಗೆ ಅದು ಗಡಿಯಾರದ ಟಿಕ್‌ಟಿಕ್. ಕೋಪ್‌ಲ್ಯಾಂಡ್‌ಗೆ ಮಾತಾಡುವ ಬಾಯಿ. ‘ಮೆಸೇಜ್ ಇನ್ ಎ ಬಾಟಲ್’ ಹಾಡನ್ನು ನಿಧಾನ ಮಾಡಿ, ಹೈ-ಹ್ಯಾಟ್ ಒಂದನ್ನೇ ಗಮನಿಸಿ ಪುಸ್ತಕದಲ್ಲಿ ಏಟುಗಳ ಸೊಲ್ಲು (ತಕಧಿಮಿಯಂಥ ಅಕ್ಷರಗಳು) ಬರೆಯಲು ಹೋದೆ. ಮೊದಲ ಚರಣದ್ದು ಎರಡನೆಯದಕ್ಕೆ ಹೊಂದಲಿಲ್ಲ, ಎರಡನೆಯದು ಮೂರನೆಯದಕ್ಕೆ ಹೊಂದಲಿಲ್ಲ. ನಾಲ್ಕು ಪುಟ ಆದ ಮೇಲೆ ಬರೆಯುವುದು ಬಿಟ್ಟೆ. ಅವನದು ಕಲಿತು ಒಪ್ಪಿಸುವ ಪಾಠಾಂತರವಲ್ಲ, ಪಕ್ಕವಾದ್ಯ. ಹಾಡುಗಾರ ಉಸಿರೆಳೆದಾಗ ಅಲ್ಲೊಂದು ಮಾತು ಸೇರಿಸುವುದು. ಆಮೇಲೆ ನಾನು ಅವನ ಏಟುಗಳನ್ನು ಬಿಟ್ಟು ಅವನು ಬಳಸುವ ಮೂರು ದನಿಗಳನ್ನಷ್ಟೇ ಅಭ್ಯಾಸ ಮಾಡಿದೆ. ಕೋಲಿನ ತುದಿ ತಟ್ಟೆಯ ಮೇಲ್ಭಾಗಕ್ಕೆ ತಾಗಿದರೆ ತೆಳು ‘ತಿ’. ಕೋಲಿನ ಹೆಗಲು, ಅಂದರೆ ತುದಿಯ ಕೆಳಗಿನ ದಪ್ಪ ಭಾಗ, ತಟ್ಟೆಯ ಅಂಚಿಗೆ ಬಿದ್ದರೆ ದಪ್ಪ ‘ಚ’. ಹೊಡೆಯುವ ಕ್ಷಣದಲ್ಲಿ ಎಡಗಾಲು ಒಂದು ಕೂದಲೆಳೆಯಷ್ಟು ಸಡಿಲಿಸಿ ಮತ್ತೆ ಮುಚ್ಚಿದರೆ ‘ತ್ಸುಪ್’. ಮೃದಂಗದಲ್ಲಿ ನಮಗೂ ಹೀಗೇ ತಾನೆ, ಮೀಟು, ಚಾಪು ಎಂಬ ಎರಡು ಏಟುಗಳ ನಡುವೆ ಬೆರಳಿನ ಜಾಗ ಬದಲಾಗುವುದು ಅರ್ಧ ಇಂಚು. ಆ ‘ತ್ಸುಪ್’ ಸರಿಯಾಗಿ ಬರಲು ಹದಿನೈದು ದಿನ ಹಿಡಿಯಿತು. ಕೆಳಗಿನ ಮನೆಯ ಅಜ್ಜಿ ಕುಕ್ಕರ್ ಕೂಗಿದ್ದು ನಮ್ಮನೇದಾ ನಿಮ್ಮನೇದಾ ಅಂತ ಕೇಳಲು ಹತ್ತಿ ಬಂದರು. ಅಂದಿನಿಂದ ಎರಡು ತಟ್ಟೆಗಳ ಮಧ್ಯೆ ಹಳೆಯ ಟವೆಲ್.

ಕೋಪ್‌ಲ್ಯಾಂಡ್ ಎಡಗೈ ಕೋಲನ್ನು ಹಳೆಯ ಕಾಲದ ಜಾಝ್‌ನವರ ಹಾಗೆ, ಅಂಗೈ ಮೇಲೆ ಮಾಡಿ, ಹೆಬ್ಬೆರಳಿನ ಸಂದಿಯಲ್ಲಿ ಹಿಡಿಯುತ್ತಾನೆ. ನಾನೂ ಹಿಡಿದೆ. ನಾಲ್ಕನೇ ದಿನಕ್ಕೆ ಸಂದಿಯಲ್ಲಿ ಬೊಬ್ಬೆ ಎದ್ದಿತು, ಅನ್ನ ಕಲಸುವ ಕೈ ಅದಲ್ಲವಲ್ಲ ಎಂಬುದೊಂದೇ ಸಮಾಧಾನ. ವಾಪಸ್ ನನ್ನ ಹಿಡಿತಕ್ಕೇ ಬಂದೆ. ಸ್ನೇರ್ ಮಾತ್ರ ಅವನ ಹಾಗೆ ಬಿಗಿ ಮಾಡಿದೆ, ಇನ್ನೊಂದು ಸುತ್ತು ತಿರುಗಿಸಿದರೆ ಚರ್ಮ ಹರಿದೀತು ಅನ್ನುವಷ್ಟು. ಒಂದೇ ಏಟಿಗೆ ಒಣ ಕೊಬ್ಬರಿ ಒಡೆದ ಸದ್ದು ಬರಬೇಕು.

‘ರಾಕ್ಸ್ಯಾನ್’ನಲ್ಲಿ ಬೇರೆ ತಮಾಷೆ ಇದೆ. ಸ್ಟಿಂಗ್ ಅದನ್ನು ಬ್ರೆಜಿಲಿನ ಬೊಸಾ ನೋವಾ ಧಾಟಿಯಲ್ಲಿ ಬರೆದಿದ್ದನಂತೆ, ಟ್ಯಾಂಗೋ ಕಡೆಗೆ ಎಳೆದದ್ದು ಕೋಪ್‌ಲ್ಯಾಂಡ್. ರೆಗೆಯಲ್ಲಿ ಗಿಟಾರ್ ಎರಡು ಎಣಿಕೆಗಳ ಸಂದಿಯಲ್ಲಿ ಕುಕ್ಕಬೇಕು. ಇಲ್ಲಿ ಚರಣದುದ್ದಕ್ಕೂ ಎಣಿಕೆ ಎಣಿಕೆಗೂ ನೇರವಾಗಿ ಕುಕ್ಕುತ್ತದೆ, ಅಡ್ಡಾಡುವ ಕೆಲಸ ಬೇಸ್‌ಗೆ. ಹಾಗಾಗಿ ಡ್ರಮ್ಮರ್‌ಗೆ ತಾಳದ ಕೈ ಗಿಟಾರಿನಲ್ಲೇ ಸಿಗುತ್ತದೆ. ಇದೊಂದು ಹಾಡು ನಮಗೆ ಎರಡೇ ದಿನದಲ್ಲಿ ಕೂತಿತು. ‘ಸೋ ಲೋನ್ಲಿ’, ‘ಕಾಂಟ್ ಸ್ಟ್ಯಾಂಡ್ ಲೂಸಿಂಗ್ ಯೂ’ ಎರಡಕ್ಕೂ ಕಷ್ಟ ಒಂದೇ: ಚರಣ ರೆಗೆಯಲ್ಲಿ ತೂಗಾಡುತ್ತಿರುತ್ತದೆ, ಪಲ್ಲವಿ ಬಂದ ಕೂಡಲೇ ಗೂಳಿ ನುಗ್ಗಿದ ಹಾಗೆ ನೇರ ರಾಕ್. ಆ ಬಾಗಿಲು ದಾಟುವ ನಾಲ್ಕೆಣಿಕೆಯನ್ನೇ ಕತ್ತರಿಸಿಕೊಂಡು ದಿನಾ ನೂರು ಸಲ ನುಡಿಸಿದೆವು. ಉಳಿದ ಹಾಡು ತಾನಾಗಿ ಬಂತು.

ಮೂರನೇ ಆಲ್ಬಮ್ ‘ಝೆನ್ಯಾಟ್ಟ ಮೊಂಡಾಟ್ಟ’ದಿಂದ ಒಂದನ್ನೂ ತೆಗೆದುಕೊಳ್ಳಲಿಲ್ಲ. 1980ರಲ್ಲಿ ನೆದರ್‌ಲ್ಯಾಂಡ್ಸಿನಲ್ಲಿ ನಾಲ್ಕೇ ವಾರದಲ್ಲಿ ಮುಗಿಸಿ ಮತ್ತೆ ಪ್ರವಾಸಕ್ಕೆ ಓಡಿದ್ದು ಅದು. ಆ ಅವಸರ ನನ್ನ ಕಿವಿಗೆ ಹೊಡೆಯುತ್ತದೆ. ಗಿಟಾರಿನ ಗೆಳೆಯ ಇದನ್ನು ಒಪ್ಪುವುದಿಲ್ಲ. ಅವನಿಗೆ ಅದೇ ವರ್ಷ ಮಾರ್ಚ್‌ನಲ್ಲಿ ಇವರು ಬಾಂಬೆಗೆ ಬಂದು ನುಡಿಸಿ ಹೋದದ್ದು ಗೊತ್ತಾಗಿ, ನಾವೆಲ್ಲ ಹುಟ್ಟುವ ಮೊದಲೇ ಬಂದರಲ್ಲ ಅಂತ ಇನ್ನೂ ಹೊಟ್ಟೆಯುರಿ.

ಇನ್ನೊಂದು ದುರಾಸೆ ಮಾಡಿದೆ. ‘ವಾಕಿಂಗ್ ಆನ್ ದ ಮೂನ್’ ಕೊನೆಯಲ್ಲಿ ಹೈ-ಹ್ಯಾಟ್ ಸದ್ದು ಪ್ರತಿಧ್ವನಿಸಿ ತೇಲಿಹೋಗುತ್ತದೆ. ಅದೂ ಬೇಕು ಅಂತ ಗಿಟಾರಿನವನ ಹತ್ತಿರ ಪ್ರತಿಧ್ವನಿ ಹುಟ್ಟಿಸುವ ಡಿಲೇ ಪೆಡಲ್ ಇಸ್ಕೊಂಡು ಹೈ-ಹ್ಯಾಟ್ ಮೈಕಿಗೆ ಸಿಕ್ಕಿಸಿದೆ. ಲೆಕ್ಕ ಸುಲಭ: ಅರವತ್ತು ಸಾವಿರವನ್ನು ನಿಮಿಷದ ಎಣಿಕೆಯಿಂದ ಭಾಗಿಸಿದರೆ ಒಂದು ಎಣಿಕೆ ಎಷ್ಟು ಮಿಲಿಸೆಕೆಂಡ್ ಅಂತ ಬರುತ್ತದೆ. ನಾವು 144ರ ಗತಿಯಲ್ಲಿ ನುಡಿಸುತ್ತಿದ್ದೆವು, 417ಕ್ಕೆ ಇಟ್ಟೆ. ರೂಮಿನಲ್ಲಿ ಸ್ವರ್ಗ.

ಕೆಫೆಯಲ್ಲಿ ಆ ಸಂಜೆ ನಲವತ್ತು ಜನ ಇದ್ದಿರಬಹುದು, ಅದರಲ್ಲಿ ಅರ್ಧ ನಮ್ಮ ಆಫೀಸಿನವರೇ. ‘ವಾಕಿಂಗ್ ಆನ್ ದ ಮೂನ್’ ಶುರುವಾಯಿತು. ಹಿಮ್ಮಡಿ ಎದ್ದು ಇಳಿಯುತ್ತಿದೆ, ಕಾಲು ಹತೋಟಿಯಲ್ಲಿದೆ. ಎರಡನೇ ಚರಣಕ್ಕೆ ಜನ ಹುರುಪಿನಿಂದ ಚಪ್ಪಾಳೆ ತಟ್ಟಲು ಶುರುಮಾಡಿದರು. ಎಲ್ಲಿ? ಸರಿಯಾಗಿ ಒಂದರ ಮೇಲೆ! ನಾನು ಆರು ವಾರ ಕಷ್ಟಪಟ್ಟು ಖಾಲಿ ಇಟ್ಟ ಜಾಗದಲ್ಲಿ ನಲವತ್ತು ಜನ ಬಂದು ಕೂತರು. ಬೇಸ್ ಗೆಳೆಯ ನನ್ನ ಕಡೆ ತಿರುಗಿ ನಕ್ಕ. ಚಪ್ಪಾಳೆಯ ಜೊತೆ ನಾವೂ ಮೆಲ್ಲಗೆ ವೇಗವಾದೆವು, 417 ಮಾತ್ರ 417ರಲ್ಲೇ ಇತ್ತು. ಕೊನೆಗೆ ಹೈ-ಹ್ಯಾಟಿನ ಒಂದೊಂದು ಪ್ರತಿಧ್ವನಿಯೂ ತಡವಾಗಿ ಬಂದು ನನ್ನ ಕಾಲಿಗೇ ಎಡವತೊಡಗಿತು. ಹೊಡೆಯುತ್ತಲೇ ಬಗ್ಗಿ ಪೆಡಲ್ ಆರಿಸಿದೆ. ಕೋಲೊಂದು ಜಾರಿ ಮುಂದಿನ ಸಾಲಿನವರ ಫಿಲ್ಟರ್ ಕಾಫಿಯ ಪಕ್ಕ ಹೋಗಿ ಬಿತ್ತು.

ಕೊನೆಯದು ‘ಮೆಸೇಜ್ ಇನ್ ಎ ಬಾಟಲ್’. ರೆಕಾರ್ಡಿನಲ್ಲಿ ಅದು ಮುಗಿಯುವುದೇ ಇಲ್ಲ, ಕೊನೆಯ ಸಾಲು ಸುತ್ತುತ್ತಾ ಸುತ್ತುತ್ತಾ ಸದ್ದು ಕರಗಿಹೋಗುತ್ತದೆ. ವೇದಿಕೆಯ ಮೇಲೆ ಕರಗಲು ಬರುವುದಿಲ್ಲವಲ್ಲ. ಎಂಟು ಸುತ್ತು ಆದ ಮೇಲೆ ನಾನು ಸ್ನೇರ್ ಮೇಲೆ ಮುಕ್ತಾಯ ಕೊಡುವುದು ಅಂತ ಮಾತಾಗಿತ್ತು. ಎಷ್ಟು ಸುತ್ತಾಯಿತು ಅನ್ನುವುದು ಮರೆತು, ಆರಕ್ಕೋ ಏಳಕ್ಕೋ ಮೂರು ಸಲ, ಮೃದಂಗದ ಮುಕ್ತಾಯದ ಮೋರಾದ ಹಾಗೆ, ಹೊಡೆದು ನಿಲ್ಲಿಸಿಬಿಟ್ಟೆ. ಉಳಿದಿಬ್ಬರೂ ಹೇಗೋ ಜೊತೆಗೇ ನಿಂತರು.

ಮಾರನೇ ದಿನ ಯಾರದೋ ಮೊಬೈಲ್ ರೆಕಾರ್ಡಿಂಗ್ ಬಂತು. ಕೂತು ಆ ಕೊನೆಯ ಹಾಡಿನ ಗತಿ ಅಳೆದೆ: ನಿಮಿಷಕ್ಕೆ 150 ಎಣಿಕೆಯಲ್ಲಿ ಹೊರಟಿದ್ದೆವು, ಮುಗಿಸುವಾಗ 166. ಆ ಬ್ಯಾಂಡಿನಲ್ಲೂ ಡ್ರಮ್ಸ್ ಓಡುತ್ತದೆ ಅಂತ ಸ್ಟಿಂಗ್ ಗೊಣಗುತ್ತಿದ್ದನಂತೆ ಎಂದು ನಮ್ಮ ಗುಂಪಿಗೆ ಮೆಸೇಜ್ ಹಾಕಿದೆ. ಬೇಸ್ ಗೆಳೆಯನ ಉತ್ತರ ಎರಡು ನಿಮಿಷದಲ್ಲಿ ಬಂತು: “ಅವನ ಹತ್ರ ಕಲಿಯೋಕೆ ಅದೊಂದೇ ಇತ್ತಾ ಮಗಾ?”