ಐತವಾರ ಮಗುವನ್ನು ಯಾರು, ಎಲ್ಲಿ, ಎಷ್ಟು ಗಂಟೆಗೆ ಒಪ್ಪಿಸಬೇಕು?

ಸೋಡಚೀಟಿಗೆ, ಅಂದರೆ ವಿಚ್ಛೇದನಕ್ಕೆ, ಗಂಡ ಹೆಂಡತಿ ಇಬ್ಬರೂ ಒಪ್ಪಿ ಬರೆಸಿದ ಕಾಗದದಲ್ಲಿ ಮಗುವಿನ ಬಗ್ಗೆ ಎಷ್ಟೋ ಸಲ ಒಂದೇ ಸಾಲು ಇರುತ್ತದೆ: ‘ಪ್ರತಿ ಭಾನುವಾರ ತಂದೆ ಮಗುವನ್ನು ಕಾಣಬಹುದು.’ ಎಷ್ಟು ಗಂಟೆಗೆ, ಎಲ್ಲಿ, ಕರೆತರುವವರು ಯಾರು, ಮಗುವಿಗೆ ಜ್ವರ ಬಂದರೆ ಏನು, ಒಂದೂ ಇಲ್ಲ. ಮುಂದಿನ ಜಗಳಗಳೆಲ್ಲ ಹುಟ್ಟುವುದು ಆ ಖಾಲಿ ಜಾಗದಲ್ಲೇ.

ಹಿಂದೂ ವಿವಾಹ ಕಾಯ್ದೆಯ ಕಲಂ 13ಬಿ ಪ್ರಕಾರ ಒಪ್ಪಿಗೆಯ ಅರ್ಜಿ ಹಾಕಿದ ಮೇಲೆ ಸಾಮಾನ್ಯವಾಗಿ 6 ತಿಂಗಳು ಕಾಯಬೇಕು. ಕೆಲವು ಪ್ರಕರಣಗಳಲ್ಲಿ ಈ ಅವಧಿಯನ್ನು ಕೋರ್ಟ್ ಮನ್ನಾ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಕಾಯುವುದಾದರೆ ಆ 6 ತಿಂಗಳು ಸುಮ್ಮನೆ ಕೂರಬೇಡಿ, ಮಗುವಿನ ವೇಳಾಪಟ್ಟಿಯನ್ನು ನಡೆಸಿ ನೋಡಿ.

ಮೊದಲು ಮಗುವಿಗೆ ಹೇಳಿ. ಪರೀಕ್ಷೆಯ ವಾರ ಬೇಡ, ಮಲಗುವ ಹೊತ್ತೂ ಬೇಡ. ರಜೆಯ ದಿನ ಬೆಳಿಗ್ಗೆ ಇಬ್ಬರೂ ಕೂತು ನಾಲ್ಕು ಮಾತು ಹೇಳಿದರೆ ಸಾಕು: ‘ಅಪ್ಪ ಇನ್ನ ಮುಂದ ಬ್ಯಾರೆ ಮನ್ಯಾಗ ಇರ್ತಾರ. ಇದು ನಿನ್ನಿಂದ ಆಗಿದ್ದಲ್ಲ. ನಿನ್ನ ಸಾಲಿ ಅದೇ. ಐತವಾರ ಅಪ್ಪ ಬರ್ತಾರ.’ ಯಾರದು ತಪ್ಪು ಎಂಬ ಮಾತು ಬೇಡ. ಆರು ವರ್ಷದ ಮಗು ಮತ್ತೆ ಹಾಸಿಗೆ ಒದ್ದೆ ಮಾಡಬಹುದು, ಸಾಲಿಗೆ ಹೊರಡುವಾಗ ಹೊಟ್ಟೆನೋವು ಅನ್ನಬಹುದು. ‘ಆ ಮನೆಯವರು ಏನೋ ತಲೆ ತುಂಬಿದ್ದಾರೆ’ ಎಂದು ಹಾರಾಡಬೇಡಿ, ಅಗಲಿಕೆಯ ಆತಂಕಕ್ಕೂ ಹೀಗಾಗುತ್ತದೆ. ಕೆಲವು ವಾರಗಳಾದರೂ ಇಳಿಯದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.

ವರ್ಷದ ಕ್ಯಾಲೆಂಡರ್ ಬರೆಯಿರಿ. ವಾರದ ದಿನಗಳಿಗಿಂತ ಹಬ್ಬಗಳೇ ಹೆಚ್ಚು ಕಾಡುತ್ತವೆ. ಪಂಚಮಿಗೆ ಅವ್ವನ ಜೊತೆ ತವರಿಗೆ, ಎಳ್ಳು ಅಮಾವಾಸ್ಯೆಗೆ ಅಪ್ಪನ ಹೊಲದಲ್ಲಿ ಚರಗ ಚೆಲ್ಲಲು, ಯುಗಾದಿ ಒಂದು ವರ್ಷ ಇಲ್ಲಿ, ಮರುವರ್ಷ ಅಲ್ಲಿ. ಬೇಸಿಗೆ ರಜೆಯನ್ನು ಎರಡು ಪಾಲು ಮಾಡಿ. ಏಪ್ರಿಲ್–ಮೇ ತಿಂಗಳಲ್ಲಿ ಕಲಬುರಗಿ ಬಿಸಿಲು ಗೊತ್ತೇ ಇದೆ, ಮಗುವನ್ನು ಒಪ್ಪಿಸುವುದು ಬೆಳಿಗ್ಗೆ 9ರೊಳಗೆ ಅಥವಾ ಸಂಜೆ 6ರ ಮೇಲೆ ಎಂದೇ ಬರೆಯಿರಿ. ತಡವಾದರೆ ಎಷ್ಟು ನಿಮಿಷ ಕಾಯಬೇಕು ಎಂಬುದೂ ಇರಲಿ. 30 ನಿಮಿಷ ನ್ಯಾಯ.

ಒಪ್ಪಿಸುವ ಹತ್ತು ನಿಮಿಷ. ಕೆಡುವುದೆಲ್ಲ ಇಲ್ಲಿಯೇ. ಮನೆ ಬಾಗಿಲು ಬೇಡ, ಪೊಲೀಸ್ ಠಾಣೆ ಅಂತೂ ಬೇಡವೇ ಬೇಡ. ಎಲ್ಲಕ್ಕಿಂತ ಒಳ್ಳೆಯದು ಸಾಲಿ. ಐತವಾರ ಸಾಲಿ ಇರುವುದಿಲ್ಲ, ಅದಕ್ಕೇ ಹಿಂದಿನ ದಿನ: ಶನಿವಾರ ಬೆಳಿಗ್ಗೆ ಒಬ್ಬರು ಬಿಟ್ಟು ಹೋಗುತ್ತಾರೆ, ಸಾಲಿ ಬಿಟ್ಟಾಗ ಇನ್ನೊಬ್ಬರು ಕರೆದೊಯ್ಯುತ್ತಾರೆ, ಇಬ್ಬರ ಮುಖಾಮುಖಿಯೇ ಇಲ್ಲ. ಯಾರು ಕರೆದೊಯ್ಯಬಹುದು ಎಂದು ಸಾಲಿಗೆ ಮೊದಲೇ ಬರೆದುಕೊಡಿ. ಜೊತೆಗೆ ಕಾಕಾ, ಮಾಮಾ, ಓಣಿಯ ಹಿರಿಯರನ್ನೆಲ್ಲ ಜೀಪು ತುಂಬಿ ತರಬೇಡಿ. ಬಂದವರಲ್ಲಿ ಒಬ್ಬರಾದರೂ ಬಾಯಿ ತೆಗೆಯುತ್ತಾರೆ.

ಚೀಲದಲ್ಲಿ ಪುಸ್ತಕ, ಔಷಧಿ, ಅದರ ಚೀಟಿ, ಮಗು ಹೊದ್ದು ಮಲಗುವ ಕೌದಿ. ಬಟ್ಟೆ ಮಾತ್ರ ಎರಡೂ ಮನೆಯಲ್ಲಿ ಎರಡೆರಡು ಜೊತೆ ಇಡಿ. ‘ಹೊಸ ಅಂಗಿ ವಾಪಸ್ ಬರಲಿಲ್ಲ’ ಎಂಬ ತಕರಾರಿನಲ್ಲಿ ಮುರಿದುಬಿದ್ದ ಭೇಟಿಗಳು ಕಡಿಮೆಯಲ್ಲ.

ರೊಕ್ಕದ ಮಾತು ಬೇರೆ. ‘ಫೀಸ್ ಕಟ್ಟಿಲ್ಲ ಅಂತ ಅಪ್ಪಗ ಹೇಳು’ ಎಂದರೆ ಮಗು ಟಪಾಲು ಪೇದೆಯಾದಂತೆ. ಎರಡೂ ಕಡೆ ಬೈಸಿಕೊಳ್ಳುವುದು ಅದೇ. ವಾಟ್ಸ್‌ಆ್ಯಪ್‌ನಲ್ಲಿ ನೇರವಾಗಿ, ಮಗುವಿನ ವಿಷಯವಷ್ಟೇ, ಐದು ಸಾಲಿನೊಳಗೆ ಬರೆಯಿರಿ. ಜೀವನಾಂಶ ಬರಲಿಲ್ಲವೆಂದು ಭೇಟಿ ತಡೆಯಬೇಡಿ, ಭೇಟಿ ಸಿಗಲಿಲ್ಲವೆಂದು ಜೀವನಾಂಶ ನಿಲ್ಲಿಸಬೇಡಿ. ಒಂದೊಂದಕ್ಕೂ ಬೇರೆ ಅರ್ಜಿ ಇದೆ. ಮಹಿಳೆಯರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟಿದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ (ಸಹಾಯವಾಣಿ 15100).

ಹೊಡೆತ, ಬೆದರಿಕೆ ಇರುವ ಮನೆಗೆ ಈ ಯಾವ ಹೊಂದಾಣಿಕೆಯೂ ಸಲ್ಲದು. ಅಲ್ಲಿ ಮೊದಲು ಮಹಿಳಾ ಸಹಾಯವಾಣಿ 181 ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ. ಭೇಟಿ ಹೇಗೆ, ಯಾರ ಎದುರಿನಲ್ಲಿ ಎಂಬುದನ್ನು ಕೋರ್ಟ್ ತೀರ್ಮಾನಿಸಲಿ.

ಮಗುವನ್ನು ಒಪ್ಪಿಸುವಾಗ ಗಲಾಟೆಯಾದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡುತ್ತ ಬನ್ನಿ. ಕೋರ್ಟಿನ ಕೊನೆಯ ಹಾಜರಿಗೆ ಮುನ್ನ ಆ ಗುರುತುಗಳನ್ನು ನೋಡಿ ಸಮಯ, ಜಾಗ ತಿದ್ದಿ, ಹಳೆಯ ಒಂದು ಸಾಲಿನ ಬದಲು ಆ ವೇಳಾಪಟ್ಟಿಯ ಹಾಳೆಗೇ ಇಬ್ಬರೂ ಸಹಿ ಹಾಕಿ ಜಂಟಿ ಮೆಮೋ (ಇಬ್ಬರೂ ಸೇರಿ ಕೊಡುವ ಮನವಿ) ಜೊತೆ ಕೋರ್ಟಿಗೆ ಕೊಡಿ.