ಹೊಸಕೋಟೆಯಲ್ಲಿ ಕೂತು ಎಲ್‌ಎಚ್‌ಎಸ್ 1140 ಬಿ ನೋಡಿದ ಅನುಭವ

ಬೇರೆ ನಕ್ಷತ್ರಗಳನ್ನು ಸುತ್ತುವ, ಭೂಮಿಗಿಂತ ದೊಡ್ಡ ಕಲ್ಲುಗ್ರಹಗಳನ್ನು ಅಳೆಯೋಕೆ ಜೇಮ್ಸ್ ವೆಬ್ ಬಾಹ್ಯಾಕಾಶ ಟೆಲಿಸ್ಕೋಪೇ ಬೇಕು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ನಕ್ಷತ್ರವನ್ನು ಸರಿಯಾಗಿ ಆರಿಸಿಕೊಂಡರೆ ನೆಲದ ಮೇಲಿನ 2 ಮೀಟರ್ ಟೆಲಿಸ್ಕೋಪ್ ಸಾಕು. ಎಲ್‌ಎಚ್‌ಎಸ್ 1140 ಬಿ ಗ್ರಹ ಸಿಕ್ಕಿದ್ದೇ ಚಿಲಿಯಲ್ಲಿರುವ 40 ಸೆಂ.ಮೀ. ಕನ್ನಡಿಯ ಟೆಲಿಸ್ಕೋಪುಗಳಿಗೆ.

ನಾನು ಇದನ್ನೇ ಆರಿಸಿಕೊಂಡೆ. ಇದರ ನಕ್ಷತ್ರ ಕೆಂಪು ಕುಬ್ಜ, ಅಂದರೆ ಚಿಕ್ಕದು, ಬಿಸಿ ಕಡಿಮೆ; ಅಗಲ ಸೂರ್ಯನ ಐದನೇ ಒಂದು ಭಾಗದಷ್ಟು. ಗ್ರಹ ನಕ್ಷತ್ರಕ್ಕೆ ಅಡ್ಡ ಬಂದಾಗ (ಇದಕ್ಕೇ ಟ್ರಾನ್ಸಿಟ್ ಅನ್ನೋದು) ಬೆಳಕು ಸುಮಾರು ಅರ್ಧ ಪರ್ಸೆಂಟ್ ಇಳಿಯುತ್ತದೆ. ಅದೇ ಗ್ರಹ ಸೂರ್ಯನಿಗೆ ಅಡ್ಡ ಬಂದಿದ್ದರೆ ಇಳಿಕೆ 0.025 ಪರ್ಸೆಂಟ್ ಅಷ್ಟೇ.

ಟೆಲಿಸ್ಕೋಪ್ ಇರುವುದು ಲಡಾಖಿನ ಹಾನ್ಲೆಯಲ್ಲಿ, 4500 ಮೀಟರ್ ಎತ್ತರದಲ್ಲಿ. ಹಿಮಾಲಯನ್ ಚಂದ್ರ ಟೆಲಿಸ್ಕೋಪ್. ಅದನ್ನು ನಡೆಸುವುದು ಮಾತ್ರ ನಮ್ಮ ಹೊಸಕೋಟೆಯ ಕ್ರೆಸ್ಟ್ ಕೇಂದ್ರದಿಂದ, ಸ್ಯಾಟಲೈಟ್ ಲಿಂಕ್ ಮೂಲಕ. ತಮಿಳುನಾಡಿನ ಕಾವಲೂರು ವೀಕ್ಷಣಾಲಯದಿಂದ ಈ ನಕ್ಷತ್ರ ಇನ್ನೂ ಮೇಲೆ ಕಾಣುತ್ತದೆ ನಿಜ, ಆದರೆ ಇದನ್ನು ನೋಡೋಕೆ ಒಳ್ಳೆಯ ಅಕ್ಟೋಬರ್ ಹೊತ್ತಿಗೇ ಅಲ್ಲಿ ಹಿಂಗಾರು ಮಳೆ ಶುರುವಾಗುತ್ತದೆ.

ದಿನ ಹೊಂದಿಸೋದೇ ದೊಡ್ಡ ಕೆಲಸ. ಗ್ರಹ 24.7 ದಿನಕ್ಕೊಮ್ಮೆ ನಕ್ಷತ್ರವನ್ನು ಸುತ್ತುತ್ತದೆ, ಅಂದರೆ ಪ್ರತಿ ಸಲ ಟ್ರಾನ್ಸಿಟ್ ಗಡಿಯಾರದಲ್ಲಿ ಆರು ಗಂಟೆ ಹಿಂದೆ ಸರಿಯುತ್ತದೆ, ಹಾಗಾಗಿ ಮುಂದಿನದ್ದು ಹಗಲಿಗೋ ಸಂಜೆಗೋ ಬಿದ್ದು ಕೈಗೆ ಸಿಗೋದಿಲ್ಲ. ಟ್ರಾನ್ಸಿಟ್ ಎರಡು ಗಂಟೆ ಇರುತ್ತದೆ. ಹಿಂದೆ ಮುಂದೆ ಒಂದೊಂದು ಗಂಟೆ ಟೆಲಿಸ್ಕೋಪ್ ಸಮಯ ಜಾಸ್ತಿ ಕೇಳಿ, ಇಲ್ಲದಿದ್ದರೆ ಇಳಿಕೆ ಎಲ್ಲಿಂದ ಶುರುವಾಯಿತು ಅಂತ ಹೇಳೋಕಾಗಲ್ಲ.

ಚಿತ್ರ ಚೂಪಾಗಿ ಬರಲಿ ಅಂತ ಹೋಗಬೇಡಿ. ನಾನು ಬೇಕಂತಲೇ ಡಿಫೋಕಸ್ ಮಾಡಿದೆ, ಅಂದರೆ ಚಿತ್ರ ಮಸುಕಾಗಿಸಿದೆ. ಬೆಳಕು ತುಂಬ ಪಿಕ್ಸೆಲ್‌ಗಳಿಗೆ ಹರಡಿದರೆ ಯಾವುದೋ ಒಂದು ಪಿಕ್ಸೆಲ್‌ನ ಸ್ವಭಾವ ಲೆಕ್ಕ ಕೆಡಿಸೋದಿಲ್ಲ, ಎಕ್ಸ್‌ಪೋಷರ್ ಕೂಡ ಉದ್ದ ಕೊಡಬಹುದು. ಫಿಲ್ಟರ್ ಐ ಬ್ಯಾಂಡ್ (ಕಡುಗೆಂಪು, ಅದರಾಚೆಯ ಬೆಳಕನ್ನು ಬಿಡುವಂಥದ್ದು), ಯಾಕಂದರೆ ಈ ನಕ್ಷತ್ರದ ಬೆಳಕೆಲ್ಲ ಕೆಂಪಿನ ಕಡೆಗೇ ಇದೆ. ಗೈಡಿಂಗ್ ಮೇಲೆ, ಅಂದರೆ ಟೆಲಿಸ್ಕೋಪ್ ನಕ್ಷತ್ರವನ್ನು ಬಿಡದೆ ಹಿಂಬಾಲಿಸುತ್ತಿದೆಯಾ ಅಂತ, ರಾತ್ರಿಯಿಡೀ ಕಣ್ಣಿಟ್ಟಿದ್ದೆ. ಆಮೇಲೆ ಅದೇ ಫ್ರೇಮಿನ ಬೇರೆ ನಕ್ಷತ್ರಗಳ ಜೊತೆ ಹೋಲಿಸಿ ನೋಡಬೇಕು. ಅವು ಇದರಷ್ಟು ಕೆಂಪಿರಲ್ಲ, ಕೆಂಪು ಬೆಳಕನ್ನು ಗಾಳಿ ಕಡಿಮೆ ತಿನ್ನುತ್ತದೆ, ಅದಕ್ಕೇ ನಕ್ಷತ್ರ ಕೆಳಗಿಳಿದಂತೆ ಗ್ರಾಫ್ ನಿಧಾನವಾಗಿ ಓರೆಯಾಗುತ್ತದೆ. ಆ ಓರೆಯನ್ನು ಟ್ರಾನ್ಸಿಟ್ ಜೊತೆಗೇ ಒಂದೇ ಲೆಕ್ಕದಲ್ಲಿ ಫಿಟ್ ಮಾಡಿದೆ. ಮೊದಲೇ ತೆಗೆದರೆ ಇಳಿಕೆಯ ಆಳವೂ ಸ್ವಲ್ಪ ತಿಂದುಹೋಗಬಹುದು.

ಆಳ ಸಿಕ್ಕಿತು ಅಂದರೆ ಗ್ರಹದ ಗಾತ್ರ ಸಿಕ್ಕಿತು ಅಂತಲ್ಲ. ಅದು ಹೇಳೋದು ಗ್ರಹ ನಕ್ಷತ್ರದ ಎಷ್ಟು ಭಾಗ ಅಂತ ಮಾತ್ರ. 2017ರಲ್ಲಿ ಈ ಗ್ರಹದ ತ್ರಿಜ್ಯ ಭೂಮಿಯ 1.4ರಷ್ಟು, ತೂಕ ಆರೂವರೆ ಪಟ್ಟು ಅಂತ ಪ್ರಕಟವಾಯಿತು, ಅಂದರೆ ಕಬ್ಬಿಣ ತುಂಬಿದ ಗಟ್ಟಿ ಬಂಡೆ. ಆಮೇಲೆ ಗಾಯಾ ಉಪಗ್ರಹ ದೂರ ಅಳೆದಾಗ, 40 ಜ್ಯೋತಿರ್ವರ್ಷ ಅಂದುಕೊಂಡಿದ್ದ ನಕ್ಷತ್ರ ಸುಮಾರು 49ರಲ್ಲಿತ್ತು. ಅಷ್ಟು ದೂರದಿಂದಲೂ ಅಷ್ಟೇ ಬೆಳಕು ಕಾಣಬೇಕಾದರೆ ನಕ್ಷತ್ರವೇ ದೊಡ್ಡದಿರಬೇಕು, ಜೊತೆಗೆ ಗ್ರಹವೂ. ಈಗ ತ್ರಿಜ್ಯ 1.73, ತೂಕ 5.6 ಪಟ್ಟು, ಸಾಂದ್ರತೆ ಮೊದಲಿನ ಅರ್ಧ. ಒಳಗೆ ತುಂಬ ನೀರು ಇರಬಹುದು ಅನ್ನುವ ಮಾತು ಈಗ ಬಂದಿದೆ. ಅದಕ್ಕೇ ಟ್ರಾನ್ಸಿಟ್ ಅಳೆಯುವವರು ನಕ್ಷತ್ರದ ತ್ರಿಜ್ಯ ಯಾವ ಪೇಪರಿನದು ಅಂತ ಕಡ್ಡಾಯವಾಗಿ ಬರೆದಿಡಿ.

ಮುಂದಿನ ಸೀಸನ್‌ಗೆ ಒಳಗಿನ ಗ್ರಹ ಎಲ್‌ಎಚ್‌ಎಸ್ 1140 ಸಿ ನೋಡೋಕೆ ಸಮಯ ಕೇಳಿದ್ದೇನೆ. ಆಳ 0.3 ಪರ್ಸೆಂಟ್ ಅಷ್ಟೇ, ಆದರೆ 3.8 ದಿನಕ್ಕೊಮ್ಮೆ ಬರುತ್ತದೆ, ಹಲವು ರಾತ್ರಿಗಳದ್ದನ್ನು ಸೇರಿಸಬಹುದು.