ಗಾಳಕ್ಕೆ ಬಿಚ್ಚದ ಗಂಟು: ನನ್ನ ಅನುಭವ

ಕಲಬುರಗಿ ಜಿಲ್ಲೆಯ ಕಾಗಿಣಾ ನದಿಯಲ್ಲಿ ಗಾಳ ಹಾಕುತ್ತ ಬಂದ ನನಗೆ, ಯಾವ ಗಂಟು ಹಾಕುತ್ತೇವೆ ಎಂಬುದಕ್ಕಿಂತ ಅದನ್ನು ಹೇಗೆ ಬಿಗಿಯುತ್ತೇವೆ ಎಂಬುದೇ ಮುಖ್ಯವೆಂದು ಮನವರಿಕೆಯಾಗಿದೆ. ಪುಂಡಿ ನಾರಿನ ಹಗ್ಗಕ್ಕೆ ಮಾಮೂಲಿ ಗಂಟನ್ನು ಎರಡು ಸಲ ಹಾಕಿದರೆ ನಾರು ನಾರನ್ನು ಕಚ್ಚಿಕೊಂಡು ನಿಲ್ಲುತ್ತದೆ. ನೈಲಾನಿನ ಒಂಟಿ ಎಳೆಯ ಮೈ ನುಣುಪಾಗಿರುವುದರಿಂದ ಅದೇ ಗಂಟು, ಮೀನು ಜಗ್ಗಿದ ಕೂಡಲೇ ಜಾರಿ ಬಿಚ್ಚಿಕೊಳ್ಳುತ್ತದೆ.

ನಾನು ಹೆಚ್ಚಾಗಿ ಹಾಕುವುದು ಸುಧಾರಿತ ಕ್ಲಿಂಚ್ ಗಂಟು. ಗಾಳದ ಕಣ್ಣಿನೊಳಗೆ ದಾರ ಪೋಣಿಸಿ, ಒಂದು ಗೇಣಿನಷ್ಟು ತುದಿಯನ್ನು ಹೊರಗೆಳೆದುಕೊಂಡು, ಅದನ್ನು ಉದ್ದ ದಾರದ ಮೇಲೆ ಐದಾರು ಬಾರಿ ಸುತ್ತುತ್ತೇನೆ. ಕಣ್ಣಿಗೂ ಮೊದಲ ಸುತ್ತಿಗೂ ನಡುವೆ ಉಳಿದ ಸಣ್ಣ ಕುಣಿಕೆಯಲ್ಲಿ ತುದಿಯನ್ನು ಹಿಂದಕ್ಕೆ ತೂರಿಸಿದಾಗ ಇನ್ನೊಂದು ದೊಡ್ಡ ಕುಣಿಕೆ ಉಂಟಾಗುತ್ತದೆ. ತುದಿಯನ್ನು ಅದರೊಳಗೂ ಹಾಯಿಸಬೇಕು. ದಪ್ಪ ದಾರಕ್ಕೆ ನಾಲ್ಕು ಸುತ್ತು ಸಾಕು, ಏಕೆಂದರೆ ಬಿರುಸಾದ ದಾರದಲ್ಲಿ ಸುತ್ತುಗಳು ಹೆಚ್ಚಾದರೆ ಗಂಟು ಸರಿಯಾಗಿ ಕೂಡುವುದಿಲ್ಲ.

ಬಿಗಿಯುವ ಮೊದಲು ಗಂಟನ್ನು ತಪ್ಪದೆ ಒದ್ದೆ ಮಾಡುತ್ತೇನೆ. ಒಣ ದಾರವನ್ನು ಒಮ್ಮೆಲೇ ಎಳೆದರೆ ಸುತ್ತುಗಳು ಒಂದಕ್ಕೊಂದು ಉಜ್ಜಿ ಕಾವೇರುತ್ತವೆ. ಆ ಕಾವಿಗೆ ನೈಲಾನು ಶಕ್ತಿ ಕಳೆದುಕೊಳ್ಳುತ್ತದೆ, ಹೊರಗೆ ಗಟ್ಟಿಯಾಗಿ ಕಂಡರೂ ಭಾರ ಬಿದ್ದಾಗ ಗಂಟಿನಲ್ಲೇ ತುಂಡಾಗುತ್ತದೆ. ಆದ್ದರಿಂದ ಗಾಳವನ್ನು ಇಕ್ಕಳದಲ್ಲಿ ಹಿಡಿದು, ಉದ್ದ ದಾರವನ್ನು ನಿಧಾನವಾಗಿ, ಒಂದೇ ಸಮನೆ ಎಳೆಯುತ್ತೇನೆ. ಸುತ್ತುಗಳು ಒಂದರ ಪಕ್ಕ ಒಂದು ಒತ್ತಾಗಿ ಕೂತು ಕಣ್ಣಿನವರೆಗೆ ಸರಿದು ನಿಲ್ಲಬೇಕು. ಒಂದೇ ಒಂದು ಸುತ್ತು ಇನ್ನೊಂದರ ಮೇಲೆ ಹತ್ತಿದ್ದರೂ ಅದನ್ನು ತಿದ್ದಲು ಹೋಗದೆ, ಕತ್ತರಿಸಿ ಹೊಸದಾಗಿ ಕಟ್ಟುತ್ತೇನೆ. ಈ ವಿಷಯದಲ್ಲಿ ರಾಜಿ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಉಳಿದ ತುದಿಯನ್ನು ಗಂಟಿಗೆ ತೀರಾ ಹತ್ತಿರ ಕತ್ತರಿಸದೆ ಎರಡು ಮೂರು ಮಿಲಿಮೀಟರ್ ಬಿಡುತ್ತೇನೆ.

ಹೆಣೆದ ದಾರಕ್ಕೆ ಈ ಗಂಟು ಅಷ್ಟಾಗಿ ಒಗ್ಗುವುದಿಲ್ಲ, ಜಾರುತ್ತದೆ. ಅದಕ್ಕೆ ಪಾಲೊಮಾರ್ ಗಂಟು ಒಳ್ಳೆಯದು: ದಾರವನ್ನು ಜೋಡಿ ಮಾಡಿ ಕಣ್ಣಿನಲ್ಲಿ ತೂರಿಸಿ, ಸಡಿಲವಾದ ಒಂದು ಮಾಮೂಲಿ ಗಂಟು ಹಾಕಿ, ಉಳಿದ ಕುಣಿಕೆಯೊಳಗಿಂದ ಇಡೀ ಗಾಳವನ್ನು ದಾಟಿಸಿ, ಒದ್ದೆ ಮಾಡಿ ಬಿಗಿಯಬೇಕು.

ಗಂಟು ಎಷ್ಟೇ ಚೆನ್ನಾಗಿದ್ದರೂ ನಮ್ಮ ಕಡೆ ಇನ್ನೊಂದು ತೊಂದರೆಯಿದೆ. ಮಳಖೇಡ, ಶಹಾಬಾದ್ ಭಾಗವೆಲ್ಲ ಸುಣ್ಣಕಲ್ಲಿನ ನೆಲ. ನೀರಿನೊಳಗಿನ ಪರಸಿ ಕಲ್ಲಿನ ಅಂಚಿಗೆ ಉಜ್ಜಿ ಗಾಳದ ಮೇಲಿನ ದಾರ ತರಚುತ್ತದೆ. ಮೀನು ಸಿಕ್ಕ ಮೇಲೆ, ಗಾಳ ಕಲ್ಲಿಗೆ ಸಿಕ್ಕಿ ಬಿಡಿಸಿಕೊಂಡ ಮೇಲೆ, ದಾರವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಎಳೆದು ನೋಡುತ್ತೇನೆ. ಎಲ್ಲಾದರೂ ಒರಟು ತಾಗಿದರೆ ಅದಕ್ಕಿಂತ ಮೇಲಕ್ಕೆ, ನುಣುಪಾದ ಜಾಗದಲ್ಲಿ ಕತ್ತರಿಸಿ, ಮತ್ತೆ ಮೊದಲಿನಿಂದ ಕಟ್ಟುತ್ತೇನೆ.